ನಾಲ್ಕು ಮನೆಗಳಲ್ಲಿ ಯಾರಿಗೆ ಜಾಗ?

ಹೋದ ಶನಿವಾರ ಸಂಘದ ಸಭೆಯಲ್ಲಿ ಒಂದು ಜಗಳ ಆಯಿತು. ಸಣ್ಣದೇ, ಆದರೆ ಒಳ್ಳೆಯ ಜಗಳ. ಹಳೆಯ ವಿದ್ಯಾರ್ಥಿ ಎಂಬ ಸಲಿಗೆಯಿಂದ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಲ್ಲಿ ಬಾಯಿ ಬಿಡಲಿಲ್ಲ. ಬಿಡಬೇಕಾಗಿತ್ತು ಅಂತ ಮನೆಗೆ ಹೋಗುವಾಗ ರೈಲಿನಲ್ಲಿ ಅನ್ನಿಸಿತು. ಅದಕ್ಕೇ ಈ ಬರಹ.

ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು, 'ಪ್ರತಿ ಸಂಚಿಕೆಗೂ ನಾಲ್ಕು ಚೌಕದ ಒಂದು ಕಾರ್ಟೂನ್ ಪಟ್ಟಿ ಬರೆದುಕೊಡ್ತೀನಿ, ಹಾಕ್ತೀರಾ?' ಅಂತ ಕೇಳಿದಳು. ಬರೀ ಮಾತಲ್ಲ, ಎರಡು ಮಾದರಿ ಬರೆದುಕೊಂಡೇ ಬಂದಿದ್ದಳು.

ಮೊದಲನೆಯದು ಹೀಗಿತ್ತು. ಊರಿಂದ ಆಗಷ್ಟೇ ಬಂದ ಹುಡುಗ ದಾದರ್ ಸ್ಟೇಶನ್ನಿನಲ್ಲಿ ನಿಂತಿದ್ದಾನೆ, ಬಗಲಲ್ಲಿ ಗಂಟು. ಒಂದು ಗಾಡಿ ಬರುತ್ತದೆ, ಜನ ಅವನನ್ನು ಪಕ್ಕಕ್ಕೆ ನೂಕಿ ಹತ್ತುತ್ತಾರೆ. ಇನ್ನೊಂದು ಬರುತ್ತದೆ, ಈ ಸಲ ಜನ ಅವನನ್ನೇ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಕೊನೆಯ ಚೌಕದಲ್ಲಿ ಹುಡುಗ ವಿರಾರ್‌ನಲ್ಲಿ ಇಳಿದು, 'ಇದು ಮಾಟುಂಗಾ ಏನ್ರೀ?' ಅಂತ ಕೇಳುತ್ತಾನೆ.

ಎರಡನೆಯದು ನಮ್ಮದೇ ವಾರ್ಷಿಕೋತ್ಸವ. ವೇದಿಕೆಯ ಮೇಲೆ ಒಬ್ಬ ಗಣ್ಯರು. ಮೊದಲ ಚೌಕದಲ್ಲಿ ಅವರಿಗೆ ಒಂದು ಶಾಲು, ಎರಡನೆಯದರಲ್ಲಿ ನಾಲ್ಕು ಶಾಲು, ಮೂರನೆಯದರಲ್ಲಿ ಶಾಲುಗಳ ಗುಡ್ಡ, ಗಣ್ಯರು ಕಾಣುವುದೇ ಇಲ್ಲ. ನಾಲ್ಕನೆಯದರಲ್ಲಿ ಸಭೆ ಮುಗಿದು ದೀಪ ಆರಿದೆ. ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ಹುಡುಗ ಮೂಲೆಯಲ್ಲಿ ಇನ್ನೂ ನಿಂತೇ ಇದ್ದಾನೆ.

ಮೊದಲನೆಯದಕ್ಕೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯದಕ್ಕೂ ನಕ್ಕರು. ಆದರೆ ನಕ್ಕ ಮೇಲೆ ಒಬ್ಬರ ಮುಖ ಇನ್ನೊಬ್ಬರು ನೋಡಿಕೊಂಡರು. 'ಒಂದನೇದು ಹಾಕೋಣ, ಎರಡನೇದು ಬೇಡ. ಜಾಹೀರಾತು ಕೊಡೋರು ಬೇಜಾರು ಮಾಡ್ಕೋತಾರೆ' ಎಂದರು ಒಬ್ಬರು. 'ಎರಡೂ ಬೇಡ, ಇದು ಸಾಹಿತ್ಯದ ಪತ್ರಿಕೆ' ಎಂದರು ಮತ್ತೊಬ್ಬರು. ಕೊನೆಗೆ ವಿಷಯವನ್ನು ಮುಂದಿನ ಸಭೆಗೆ ಹಾಕಿ ಚಹಾ ಕುಡಿದರು.

ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ಉಲ್ಟಾ. ಎರಡನೆಯದನ್ನು ಒಂದು ಗೆರೆಯೂ ಬದಲಿಸದೆ ಹಾಕಿ. ಮೊದಲನೆಯದನ್ನು ಆ ಹುಡುಗಿ ಇನ್ನೊಮ್ಮೆ ಬರೆಯಲಿ. ಯಾಕೆ ಅಂತ ಹೇಳಬೇಕಾದರೆ ನನ್ನ ಒಂದು ತಪ್ಪನ್ನು ಹೇಳಬೇಕು.

1979ರಲ್ಲಿ ಇದೇ ಪತ್ರಿಕೆಗೆ ನಾನೂ ಒಂದು ಕಾರ್ಟೂನ್ ಪಟ್ಟಿ ಬರೆಯುತ್ತಿದ್ದೆ. 'ಕಟಿಂಗ್ ಚಾ' ಅಂತ ಹೆಸರು. ಒಂದೊಂದು ಚೌಕಕ್ಕೆ ನಾವು 'ಮನೆ' ಅನ್ನುತ್ತಿದ್ದೆವು, ಚೌಕಾಬಾರದ ಮನೆ ಇದ್ದ ಹಾಗೆ. ನಾಲ್ಕು ಮನೆ ದಾಟಿದರೆ ಕಾಯಿ ಹಣ್ಣು, ಅಂದರೆ ನಗೆ. ಬರೆಯುವುದು ಕಾಗದದ ಮೇಲಲ್ಲ, ಮೇಣದ ಸ್ಟೆನ್ಸಿಲ್ ಮೇಲೆ, ಉಕ್ಕಿನ ಮೊನೆಯಿಂದ ಗೀರಿ. ಒತ್ತಿ ಬರೆದರೆ ಹಾಳೆ ಹರಿಯುತ್ತದೆ, ಹಗುರ ಬರೆದರೆ ಮಸಿ ಹಿಡಿಯುವುದಿಲ್ಲ. ಕೂದಲಿಗೆ ಕಪ್ಪು ತುಂಬುವ ಹಾಗಿಲ್ಲ, ತುಂಬಿದರೆ ಆ ಜಾಗವೇ ತೂತಾಗಿ ಯಂತ್ರ ತಿರುಗಿಸುತ್ತಲೇ ಮಸಿಯ ಕೆರೆ ಆಗುತ್ತದೆ. ಪೂರ್ತಿ ಸುತ್ತು ಎಳೆದರೆ ಒಳಗಿನ ತುಣುಕು ಕಳಚಿಕೊಂಡು ಬೀಳುತ್ತದೆ. ನಮ್ಮ ಲಿಪಿಯೋ ಸುತ್ತುಗಳ ಲಿಪಿ! ಅನುಸ್ವಾರದ ಸೊನ್ನೆಗಳೆಲ್ಲ ಕಳಚಿ ಕರಿ ಚುಕ್ಕೆಗಳಾಗುತ್ತಿದ್ದವು. ಅದಕ್ಕೆ ಮಾತಿನ ಗುಳ್ಳೆ ಬರೆಯುವಾಗ ಒಂದು ಕಡೆ ಸ್ವಲ್ಪ ಬಾಯಿ ಬಿಟ್ಟು ಬರೆಯುವುದನ್ನು ಕಲಿತೆ. ಐದು ಗೆರೆಯಲ್ಲಿ ಒಂದು ಮುಖ, ಮೂರು ಗೆರೆಯಲ್ಲಿ ಒಂದು ಕೈ. ಅಷ್ಟೇ ನನ್ನ ಬಂಡವಾಳ.

ಹೀಗೆ ಕಡಿಮೆ ಗೆರೆಯಲ್ಲಿ ಬರೆಯುವವನಿಗೆ ಒಂದು ಅಪಾಯ ಇದೆ. ಮನುಷ್ಯನನ್ನು ಯಾವುದೋ ಒಂದು ಗುರುತಿನಿಂದ ಹಿಡಿಯಬೇಕು. ಮೂಗಿನಿಂದ, ಟೋಪಿಯಿಂದ, ಮಾತಾಡುವ ರೀತಿಯಿಂದ. ಸುಲಭವಾಗಿ ಕೈಗೆ ಸಿಗುವ ಗುರುತು ಯಾರದು? ಬಡವನದು, ಹೊಸಬನದು, ನಮ್ಮ ಹಾಗೆ ಮಾತಾಡದವನದು.

ನಮ್ಮ ತರಗತಿಯಲ್ಲಿ ಇಂಡಿ ತಾಲೂಕಿನ ಕಡೆಯ ಗೆಳೆಯನೊಬ್ಬ ಇದ್ದ. ಬೆಳಗಿನ ಕಾಲೇಜು ನಮ್ಮದು, ಏಳು ಗಂಟೆಗೆ ಮೊದಲ ಪಾಠ. ಅವನು ಮೊದಲ ಪಾಠಕ್ಕೇ ನಿದ್ದೆ ಹೋಗುತ್ತಿದ್ದ. ಗೊರಕೆ ಬೇರೆ. ನನಗೆ ವಸ್ತು ಸಿಕ್ಕಿತು. ಮೊದಲ ಮನೆಯಲ್ಲಿ ಅವನು ಆಕಳಿಸುತ್ತಾನೆ. ಎರಡರಲ್ಲಿ ತಲೆ ಬೆಂಚಿನ ಮೇಲೆ. ಮೂರರಲ್ಲಿ ಮೇಷ್ಟ್ರು ಬಂದು ಭುಜ ತಟ್ಟುತ್ತಾರೆ. ನಾಲ್ಕರಲ್ಲಿ ಅವನು ದಡಬಡಿಸಿ ಎದ್ದು, 'ಏನ್ ಕೊಡ್ಲಿರಿ ಸಾಹೇಬ್ರ?' ಅನ್ನುತ್ತಾನೆ. ಅವನು ಹೋಟೆಲಿನಲ್ಲಿ ಕೆಲಸ ಮಾಡುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ನಕ್ಕಿದ್ದೇ ನಕ್ಕಿದ್ದು. ಕಾರಿಡಾರಿನಲ್ಲಿ ಅವನು ಎದುರಾದಾಗಲೆಲ್ಲ ಯಾರಾದರೊಬ್ಬರು 'ಏನ್ ಕೊಡ್ಲಿರಿ?' ಅನ್ನುವುದು ವಾಡಿಕೆಯಾಯಿತು. ನನಗೆ ಹೆಮ್ಮೆ. ನನ್ನ ಮಾತು ಜನರ ಬಾಯಲ್ಲಿ!

ಸಂಪಾದಕ ಮಂಡಳಿಯಲ್ಲಿ ಯಾರೂ ಇದಕ್ಕೆ ಬೇಡ ಅನ್ನಲಿಲ್ಲ. ಬೇಜಾರಾದರೆ ಜಾಹೀರಾತು ನಿಲ್ಲಿಸುವ ಶಕ್ತಿ ಅವನಿಗಿರಲಿಲ್ಲವಲ್ಲ.

ಎರಡು ವಾರ ಅವನು ಏನೂ ಹೇಳಲಿಲ್ಲ. ಆಮೇಲೆ ಒಂದು ದಿನ ಕ್ಯಾಂಟೀನಿನಲ್ಲಿ ಸಿಕ್ಕಿ, ಜೇಬಿನಿಂದ ಆ ಹಾಳೆ ತೆಗೆದ. ಮಡಿಸಿ ಮಡಿಸಿ ಮಡಿಕೆಯಲ್ಲಿ ಹರಿಯುವಂತಾಗಿತ್ತು. 'ಚಿತ್ರ ಛಲೋ ಬಂದೈತಿ ಬಿಡು' ಎಂದ. 'ಮುಂಜಾನಿ ನಿದ್ದಿ ಮಾಡೂದು ಬರದಿ. ರಾತ್ರಿ ನಿದ್ದಿ ಯಾಕ ಇಲ್ಲಂತ ಬರಿಯಾಕ ನಿನ್ನ ನಾಕ ಮನ್ಯಾಗ ಒಂದ ಮನಿನೂ ಖಾಲಿ ಇರಲಿಲ್ಲೇನು?'

ನಾನು ನಗಲು ನೋಡಿದೆ. ಆಗಲಿಲ್ಲ. ಸಂಜೆಯಿಂದ ನಡುರಾತ್ರಿಯವರೆಗೆ ಫೋರ್ಟಿನ ಕಡೆ ಒಂದು ಹೋಟೆಲಿನಲ್ಲಿ ಅವನ ಕೆಲಸ. ಬಾಗಿಲು ಹಾಕಿದ ಮೇಲೆ ಎರಡು ಮೇಜು ಜೋಡಿಸಿ ಅದರ ಮೇಲೇ ಹಾಸಿಗೆ. ನಸುಕಿನಲ್ಲಿ ಹಾಲಿನ ಕ್ಯಾನುಗಳ ಸದ್ದಿಗೆ ಎಚ್ಚರ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಬರೆಯುವಾಗ ನೆನಪಾಗಲಿಲ್ಲ, ಅಷ್ಟೇ.

ಅವನು ಪರೀಕ್ಷೆ ಬರೆದ, ಪಾಸೂ ಆದ. ಸಂಘಕ್ಕೆ ಮಾತ್ರ ಮತ್ತೆ ಬರಲಿಲ್ಲ. ದೀಪಾವಳಿ ಸಂಚಿಕೆಗೆ ತನ್ನ ಕಡೆಯ ಮಾತಿನಲ್ಲೇ ಒಂದು ಪದ್ಯ ಕೊಡುತ್ತೇನೆ ಅಂದಿದ್ದ. ಅದಕ್ಕಾಗಿ ಅರ್ಧ ಪುಟ ಇಟ್ಟುಕೊಂಡಿದ್ದೆವು. ಕೊನೆಗೆ ಆ ಜಾಗದಲ್ಲಿ ಒಂದು ಸೀರೆ ಅಂಗಡಿಯ ಜಾಹೀರಾತು ಬಂತು.

ಹಾಗಾದರೆ ಕಾರ್ಟೂನ್ ಪಟ್ಟಿಯೇ ಬೇಡ ಅನ್ನೋಣವೆ? ಕೂಡದು. ಅದು ಮೂಗಿನ ಮೇಲಿನ ನೊಣಕ್ಕೆ ಕೊಡಲಿ ಎತ್ತಿದ ಹಾಗೆ. ಅದೇ ಹಾಸ್ಯವನ್ನು ಇವತ್ತು ನಾನು ಹೀಗೆ ಬರೆಯುತ್ತೇನೆ: ಮೊದಲ ಮನೆಯಲ್ಲಿ ಗಡಿಯಾರ ಹನ್ನೆರಡು, ಅವನು ಮೇಜು ಒರೆಸುತ್ತಿದ್ದಾನೆ. ಎರಡನೆಯದರಲ್ಲಿ ಒಂದೂವರೆ, ಎರಡು ಮೇಜು ಜೋಡಿಸಿ ಮಲಗುತ್ತಿದ್ದಾನೆ. ಮೂರನೆಯದರಲ್ಲಿ ನಾಲ್ಕೂವರೆ, ಹಾಲಿನ ಕ್ಯಾನು ಧಡಾರ್. ನಾಲ್ಕನೆಯದರಲ್ಲಿ ತರಗತಿ, ಮೇಷ್ಟ್ರು ಭುಜ ತಟ್ಟುತ್ತಾರೆ, 'ಏನ್ ಕೊಡ್ಲಿರಿ ಸಾಹೇಬ್ರ?' ಕೊನೆಯ ಮಾತು ಅದೇ. ನಗೆಯೂ ಬರುತ್ತದೆ. ಆದರೆ ಗಂಟಲಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತದೆ. ಇದನ್ನು ಅವನು ಮಡಿಸಿ ಜೇಬಿನಲ್ಲಿಟ್ಟುಕೊಳ್ಳುವುದರ ಬದಲು ಊರಿಗೆ ಕಳಿಸುತ್ತಿದ್ದನೋ ಏನೋ.

ವಿದ್ಯಾರ್ಥಿ ಪತ್ರಿಕೆಯ ಕಾರ್ಟೂನು ಪುಟ ತುಂಬಿಸುವ ಚಿಲ್ಲರೆ ಕೆಲಸ ಅಂದುಕೊಂಡವರಿಗೆ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಗ್ಯಾರಿ ಟ್ರುಡೋ 1968ರ ಸೆಪ್ಟೆಂಬರಿನಲ್ಲಿ ಅಲ್ಲಿನ ವಿದ್ಯಾರ್ಥಿ ದಿನಪತ್ರಿಕೆ 'ಯೇಲ್ ಡೇಲಿ ನ್ಯೂಸ್'ನಲ್ಲಿ 'ಬುಲ್ ಟೇಲ್ಸ್' ಎಂಬ ಪಟ್ಟಿ ಶುರು ಮಾಡಿದ. ಗೆರೆ ಒರಟು, ಅದನ್ನು ಮುಚ್ಚಿಡುವ ಪ್ರಯತ್ನವೂ ಇರಲಿಲ್ಲ. ಕಾಲೇಜಿನ ಫುಟ್ಬಾಲ್ ತಂಡದ ನಾಯಕ ಬ್ರಯನ್ ಡೌಲಿಂಗ್ ಆಗ ಅಲ್ಲಿ ದೇವರ ಹಾಗೆ. ಟ್ರುಡೋ ಅವನನ್ನೇ ಬಿ.ಡಿ. ಎಂಬ ಹೆಸರಿನಲ್ಲಿ ಪಟ್ಟಿಗೆ ತಂದು, ಹಗಲೂ ರಾತ್ರಿ ಹೆಲ್ಮೆಟ್ ತೆಗೆಯದ ದಡ್ಡನನ್ನಾಗಿ ಮಾಡಿದ. ವಿಶ್ವವಿದ್ಯಾಲಯದ ಅಧ್ಯಕ್ಷ ಕಿಂಗ್‌ಮನ್ ಬ್ರೂಸ್ಟರ್ ಕೂಡ 'ಪ್ರೆಸಿಡೆಂಟ್ ಕಿಂಗ್' ಆಗಿ ಅದರಲ್ಲಿ ಬಂದರು. ಗಮನಿಸಿ, ಆ ಹುಡುಗ ಕೈ ಹಾಕಿದ್ದು ಕಾಲೇಜಿನ ವೀರನಿಗೆ, ಕಾಲೇಜಿನ ಯಜಮಾನರಿಗೆ. ತರಗತಿಯ ಬಡಪಾಯಿಗಲ್ಲ.

ಅದೇ ಪಟ್ಟಿ 1970ರ ಅಕ್ಟೋಬರ್ 26ರಂದು 'ಡೂನ್ಸ್‌ಬರಿ' ಎಂಬ ಹೊಸ ಹೆಸರಿನಲ್ಲಿ ಸುಮಾರು 28 ದಿನಪತ್ರಿಕೆಗಳಲ್ಲಿ ಬರತೊಡಗಿತು. 1975ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ದಿನದ ಕಾರ್ಟೂನ್ ಪಟ್ಟಿಯೊಂದಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುವುದು ಆ ಬಿ.ಡಿ.ಯ ಕಥೆ. ಟರ್ಮ್ ಪೇಪರ್ ಬರೆಯುವುದನ್ನು ತಪ್ಪಿಸಿಕೊಳ್ಳಲು ಸೈನ್ಯ ಸೇರಿ ಅವನು ವಿಯೆಟ್ನಾಮಿಗೆ ಹೋಗುತ್ತಾನೆ. ಆಗಲೂ ಹಾಸ್ಯವೇ. 2004ರ ಏಪ್ರಿಲಿನಲ್ಲಿ ಇರಾಕ್ ಯುದ್ಧದಲ್ಲಿ ಅವನ ಒಂದು ಕಾಲು ಹೋಗುತ್ತದೆ. ಆ ದಿನದ ಚಿತ್ರದಲ್ಲಿ ಓದುಗರು ಅವನನ್ನು ಹೆಲ್ಮೆಟ್ ಇಲ್ಲದೆ ಮೊದಲ ಸಲ ನೋಡಿದರು. ಮೂವತ್ತಾರು ವರ್ಷ ಹೆಲ್ಮೆಟ್ಟನ್ನು ನೋಡಿ ನಕ್ಕವರಿಗೆ ಅದರ ಕೆಳಗೆ ಒಂದು ತಲೆ, ತಲೆಯಲ್ಲಿ ಒಂದು ನೋವು ಇದೆ ಅಂತ ಅವತ್ತು ಕಂಡಿತು. ಇಪ್ಪತ್ತರ ವಯಸ್ಸಿನ ಒಬ್ಬ ವಿದ್ಯಾರ್ಥಿ ತಮಾಷೆಗೆ ಎಳೆದ ಐದಾರು ಗೆರೆ ಕೊನೆಗೆ ಮನುಷ್ಯ ಆಗಬಲ್ಲದು. ಬರೆಯುವವನು ಅದನ್ನು ಕೈ ಬಿಡಬಾರದು, ಅಷ್ಟೆ. ನಾನು ನನ್ನ ಗೆಳೆಯನನ್ನು ಬರೆದದ್ದು ಒಂದೇ ಸಲ. ಬರೆದೆ, ನಗಿಸಿದೆ, ಬಿಟ್ಟೆ.

ಅದು ದೂರದ ಮಾತಾಯಿತು, ನಮ್ಮದೇ ಊರಿಗೆ ಬರೋಣ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದ ಆರ್.ಕೆ. ಲಕ್ಷ್ಮಣ್ ಕನ್ನಡದ ಹಾಸ್ಯ ಮಾಸಪತ್ರಿಕೆ 'ಕೊರವಂಜಿ'ಗೆ ಚಿತ್ರ ಬರೆದವರು. 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ಪತ್ರಿಕೆ ಅದು. ಇದೇ ಮುಂಬಯಿಯ ಜೆ.ಜೆ. ಕಲಾಶಾಲೆ ಲಕ್ಷ್ಮಣರಿಗೆ ಸೀಟು ಕೊಟ್ಟಿರಲಿಲ್ಲ. 'ನಂಗೆ ಚಿತ್ರ ಬರೆಯೋಕೆ ಎಲ್ಲಿ ಬರುತ್ತೆ' ಅಂತ ಹಿಂದೆ ಸರಿಯುವ ಗೆಳೆಯರು ಇದನ್ನು ನೆನಪಿಡಬೇಕು. ಆಮೇಲೆ ಅವರು 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಐವತ್ತು ವರ್ಷಕ್ಕೂ ಮಿಕ್ಕಿ ಬರೆದರು. 2015ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಅವರ 'ಸಾಮಾನ್ಯ ಮನುಷ್ಯ'ನನ್ನು ನೋಡಿ: ಧೋತರ, ಚೌಕಳಿ ಕೋಟು, ತಲೆಯ ಎರಡು ಬದಿಗೆ ಎರಡು ಜೊಂಪೆ ಕೂದಲು. ಅವನು ಮಾತೇ ಆಡುವುದಿಲ್ಲ. ಮಂತ್ರಿಗಳೂ ಅಧಿಕಾರಿಗಳೂ ಮಾತಾಡುತ್ತಾರೆ, ಅವನು ನೋಡುತ್ತಾನೆ. ನಗೆ ಬರುವುದು ನೋಡಿಸಿಕೊಂಡವರ ಮೇಲೆ, ನೋಡುವವನ ಮೇಲಲ್ಲ. ಒಂದೇ ಮನೆಯ ಆ ಚಿತ್ರದಲ್ಲೂ ಬಡವನಿಗೆ ನಿಲ್ಲಲು ಜಾಗ ಇತ್ತು!

ಟೈಮ್ಸ್‌ಗೆ ಹೋಗುವ ಮೊದಲು, 1940ರ ದಶಕದ ಕೊನೆಯಲ್ಲಿ, ಲಕ್ಷ್ಮಣರು ಕೆಲಸ ಮಾಡಿದ್ದು ಫ್ರೀ ಪ್ರೆಸ್ ಜರ್ನಲ್ ಪತ್ರಿಕೆಯಲ್ಲಿ. ಅದೇ ಕಚೇರಿಯಲ್ಲಿ ಇನ್ನೊಬ್ಬ ಕಾರ್ಟೂನಿಸ್ಟ್ ಇದ್ದರು, ಬಾಳ ಠಾಕರೆ. ಗೆರೆ ಅವರದೂ ಬಲವಾದದ್ದೇ. 1960ರಲ್ಲಿ ಅವರು ತಮ್ಮನ ಜೊತೆ 'ಮಾರ್ಮಿಕ್' ಎಂಬ ವ್ಯಂಗ್ಯಚಿತ್ರ ವಾರಪತ್ರಿಕೆ ಶುರು ಮಾಡಿದರು. ಆ ಪುಟಗಳಲ್ಲಿ ಈ ಊರಿನ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿಗಳು ಅಚ್ಚಾದವು. 1966ರಲ್ಲಿ ಶಿವಸೇನೆ ಹುಟ್ಟಿತು. ಲುಂಗಿ ಉಟ್ಟವರನ್ನು ಓಡಿಸಿ ಎಂಬ ಘೋಷಣೆ ಬೀದಿಗೆ ಬಂತು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಒಂದು ಸಮುದಾಯವನ್ನು 'ಲುಂಗಿ' ಎಂಬ ಒಂದೇ ಗುರುತಿಗೆ ಇಳಿಸಿದರೆ ಏನಾಗುತ್ತದೆ ಎಂಬುದನ್ನು ಮುಂಬಯಿಯ ಕನ್ನಡಿಗರಿಗೆ ಯಾರೂ ಪಾಠ ಮಾಡಿ ಹೇಳಬೇಕಿಲ್ಲ. ನಮ್ಮ ಅಪ್ಪ, ಚಿಕ್ಕಪ್ಪಂದಿರು ಅಂಗಡಿಯ ಬಾಗಿಲು ಎಳೆದು ಒಳಗೆ ಕೂತು ಕಲಿತ ಪಾಠ ಅದು.

ಅದನ್ನು ಕಲಿತವರೇ ನಮ್ಮ ಸಂಘದ ಪುಟದಲ್ಲಿ ಇಂಡಿಯ ಹುಡುಗನನ್ನು ಗೊರಕೆಗೂ, 'ಕೊಡ್ಲಿರಿ'ಗೂ ಇಳಿಸಿದೆವಲ್ಲ! ಕಲ್ಲು ಬೀಳಲಿಲ್ಲ ನಿಜ. ಒಬ್ಬ ಸದಸ್ಯ ಕಡಿಮೆಯಾದ.

ಈಗ ಸಮಿತಿಯ ಗೆಳೆಯರ ಆಕ್ಷೇಪಣೆಗಳಿಗೆ ಬರುತ್ತೇನೆ.

'ಇದು ಸಾಹಿತ್ಯವೇ?' ಅಂತ ಕೇಳುತ್ತೀರಿ. ನಮ್ಮ ಸಂಘದಲ್ಲಿ ಎಷ್ಟು ಕನ್ನಡ ಇದೆ ಅಂತ ಒಮ್ಮೆ ಕಿವಿಗೊಟ್ಟು ಕೇಳಿ. ಮಂಗಳೂರಿನದೊಂದು, ವಿಜಾಪುರದ್ದೊಂದು, ಮೈಸೂರಿನದೊಂದು. ಇಲ್ಲೇ ಹುಟ್ಟಿದವರದು ಇನ್ನೊಂದು, 'ಅರೇ, ಫಾಸ್ಟ್ ಹಿಡ್ಕೊಂಡು ಬಾ ನಾ ಯಾರ್!' ನಮ್ಮ ಕಥೆ, ಪ್ರಬಂಧಗಳಿಗೆ ಬಂದಾಗ ಎಲ್ಲರೂ ಇಸ್ತ್ರಿ ಮಾಡಿದ ಒಂದೇ ಕನ್ನಡ ಉಟ್ಟುಕೊಳ್ಳುತ್ತಾರೆ. ಈ ಕನ್ನಡಗಳೆಲ್ಲ ಇದ್ದ ಹಾಗೇ ಬಂದು ಕೂರಲು ಮಾತಿನ ಗುಳ್ಳೆಯಷ್ಟು ಒಳ್ಳೆಯ ಜಾಗ ನಮ್ಮ ಪತ್ರಿಕೆಯಲ್ಲಿ ಬೇರೆ ಇಲ್ಲ. ಆದರೆ ಒಂದು ಷರತ್ತು. ವಿಜಾಪುರದ ಮಾತು ಬರುವುದು ದಡ್ಡನ ಬಾಯಲ್ಲೇ, ಮೈಸೂರಿನ ಮಾತು ಜಾಣನ ಬಾಯಲ್ಲೇ ಅಂತ ಆಗಬಾರದು. ನಮ್ಮ ಸಿನಿಮಾಗಳು ಈ ಕೆಲಸವನ್ನು ಸಾಕಷ್ಟು ಮಾಡಿವೆ, ನಾವು ಕೈ ಜೋಡಿಸಬೇಕಿಲ್ಲ.

'ಜಾಹೀರಾತು ಕೊಡೋರು ಬೇಜಾರಾದರೆ?' ಅಂತ ಕೇಳುತ್ತೀರಿ. ಭಯ ಸುಳ್ಳಲ್ಲ. ಕಾಗದಕ್ಕೆ ದುಡ್ಡು ಬೇಕು, ಅವರು ಕೊಡುತ್ತಾರೆ, ಅದರ ಋಣ ನಮಗಿದೆ. ಆದರೆ ಆ ಹುಡುಗಿಯ ಚಿತ್ರ ಇನ್ನೊಮ್ಮೆ ನೋಡಿ. ಅವಳು ದಾನಿಗಳನ್ನು ಬೈದಿಲ್ಲ. ಶಾಲಿನ ಮೇಲೆ ಶಾಲು ಹೊದಿಸಿದವರು ಯಾರು? ನಾವು. ಬಹುಮಾನದ ಹುಡುಗನನ್ನು ಮರೆತವರು ಯಾರು? ನಾವೇ. ನಮಗೆ ಚುಚ್ಚಿದ್ದನ್ನು ದಾನಿಗಳ ಹೆಸರಿನಲ್ಲಿ ತಡೆಯುತ್ತಿದ್ದೇವೆ. ಈ ಊರಿನಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂತವರಲ್ಲಿ ಹಲವರು ಹುಡುಗರಾಗಿದ್ದಾಗ ಅದೇ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. ಮೂಲೆಯಲ್ಲಿ ನಿಂತ ಹುಡುಗ ಯಾರು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರ ನಗೆಯ ಶಕ್ತಿಯನ್ನು ನಾವು ಕಡಿಮೆ ಅಂದಾಜು ಮಾಡುವುದು ಬೇಡ.

'ಹಾಗಾದರೆ ಮೊದಲನೇದರಲ್ಲಿ ಏನು ತಪ್ಪು? ನಾವೂ ಒಂದು ದಿನ ಹಾಗೇ ಕಂಗಾಲಾದವರಲ್ಲವೆ?' ಎಂದು ಆ ಹುಡುಗಿಯೇ ಕೇಳಬಹುದು. ಸರಿಯಾದ ಪ್ರಶ್ನೆ. ಪೆಟ್ಟು ತಿಂದವರು ತಮ್ಮ ಪೆಟ್ಟನ್ನು ನೆನೆದು ನಗುವುದು ಒಂದು, ರೈಲಿನಲ್ಲಿ ಸೀಟು ಸಿಕ್ಕಿದ ಮೇಲೆ ಪ್ಲಾಟ್‌ಫಾರ್ಮಿನವನನ್ನು ನೋಡಿ ನಗುವುದು ಇನ್ನೊಂದು. ಈಗಿರುವ ಚಿತ್ರದಲ್ಲಿ ನಾವು ರೈಲಿನೊಳಗಿದ್ದೇವೆ. ಒಂದು ಮನೆಯನ್ನು ಆ ಹುಡುಗನ ಕಣ್ಣಿಗೆ ಬಿಟ್ಟುಕೊಟ್ಟರೆ ಸಾಕು. ಅವನು ಗಂಟು ಹಿಡಿದು ನಿಂತಿದ್ದಾನೆ. ಕೋಟು ಹಾಕಿದ ದೊಡ್ಡ ಮನುಷ್ಯರು, ಮೇಷ್ಟ್ರುಗಳು, ನಾವು, ಎಲ್ಲರೂ ಒಬ್ಬರನ್ನೊಬ್ಬರು ತುಳಿದುಕೊಂಡು ಓಡುತ್ತಿದ್ದೇವೆ. ಅವನು ಪಕ್ಕದವನನ್ನು ಕೇಳುತ್ತಾನೆ, 'ಎಲ್ಲಿ ಬೆಂಕಿ ಬಿದ್ದೈತ್ರಿ?' ಈಗ ಹೇಳಿ, ನಗೆ ಯಾರ ಮೇಲೆ?

ಇನ್ನು ಆ ಹುಡುಗಿಗೆ ನಾಲ್ಕು ಮಾತು. ಉಪದೇಶ ಅಲ್ಲ ತಾಯೀ, ಮುಗ್ಗರಿಸಿದವನು ಕಲ್ಲು ಎಲ್ಲಿದೆ ಅಂತ ತೋರಿಸುವುದು. ಪ್ರತಿ ಸಲ ಹೊಸ ಹೊಸ ಜನರನ್ನು ತರಬೇಡ. ನಾಲ್ಕೈದು ಜನರನ್ನು ಇಟ್ಟುಕೊಂಡು ಅವರ ಜೊತೆಯೇ ವರ್ಷವೆಲ್ಲ ಇರು. ಇವತ್ತು ಪೆದ್ದನಾದವನು ನಾಳೆ ಜಾಣನಾಗಲಿ. ಆ ಐದು ಜನರಲ್ಲಿ ಒಬ್ಬಳು ನೀನೇ ಆಗಿರು, ವರ್ಷಕ್ಕೆ ನಾಲ್ಕು ಸಲವಾದರೂ ನಿನ್ನನ್ನೇ ನೀನು ನಗೆಪಾಟಲು ಮಾಡಿಕೋ. ತರಗತಿಯಲ್ಲಿ ಗುರುತು ಸಿಗುವ ಹಾಗೆ ಯಾರನ್ನಾದರೂ ಬರೆದರೆ ಅಚ್ಚಿಗೆ ಮುಂಚೆ ಅವರಿಗೊಮ್ಮೆ ತೋರಿಸು. ಅವರು ನಕ್ಕರೆ ಹಾಕು, ನಗದಿದ್ದರೆ ಯಾಕೆ ಅಂತ ಕೇಳು. ಅಧ್ಯಕ್ಷರಿಗೆ, ಗಣ್ಯರಿಗೆ ಮೊದಲೇ ತೋರಿಸಬೇಕಿಲ್ಲ, ಅವರಿಗೆ ಉತ್ತರ ಕೊಡಲು ವೇದಿಕೆ ಇದೆ, ಮೈಕೂ ಇದೆ. ಮತ್ತೆ, ಚಿತ್ರದ ಕೆಳಗೆ ನಿನ್ನ ಹೆಸರು ಬರೆ. ನಾನು ಬರೆದಿರಲಿಲ್ಲ. 'ಕಟಿಂಗ್ ಚಾ' ಅಂತ ಮಾತ್ರ ಹಾಕುತ್ತಿದ್ದೆ. ಹೆಸರು ಹಾಕಬೇಕಾಗಿದ್ದರೆ ಆ ಚಿತ್ರ ಬರೆಯುವ ಮುಂಚೆ ಎರಡು ನಿಮಿಷ ಯೋಚಿಸುತ್ತಿದ್ದೆ ಅಂತ ಈಗ ಅನ್ನಿಸುತ್ತದೆ.

ಸಮಿತಿಗೆ ಒಂದೇ ವಿನಂತಿ. ಕೆಳಗಿನವನನ್ನು ನೋಡಿ ನಕ್ಕರೆ ಹಾಸ್ಯ, ಮೇಲಿನವರನ್ನು ನೋಡಿ ನಕ್ಕರೆ ಅವಿನಯ ಎಂಬ ನಿಯಮ ನಮ್ಮ ಸಂಘದ ನಿಬಂಧನೆಗಳಲ್ಲಿ ಎಲ್ಲೂ ಬರೆದಿಲ್ಲ. ಆದರೆ ಹೋದ ಶನಿವಾರ ನಾವು ತೀರ್ಮಾನ ಮಾಡಲು ಹೊರಟದ್ದು ಅದೇ ನಿಯಮದ ಪ್ರಕಾರ. ಮುಂದಿನ ಸಭೆಯಲ್ಲಿ ಅದನ್ನು ತಿರುಗಿಸಿ ಹಾಕಿ. ಪಟ್ಟಿಗೆ ಪ್ರತಿ ಸಂಚಿಕೆಯಲ್ಲೂ ಅರ್ಧ ಪುಟ ಕೊಡಿ.

ಈ ವರ್ಷವೂ ಊರಿಂದ ಹೊಸಬರು ಬಂದಿದ್ದಾರೆ. ಹೋದ ಶನಿವಾರ ಒಬ್ಬ ಬಾಗಿಲ ಹತ್ತಿರವೇ ನಿಂತಿದ್ದ. ರೈಲಿನ ಚಿತ್ರಕ್ಕೆ ಎಲ್ಲರೂ ನಕ್ಕಾಗ ಅವನೂ ನಕ್ಕ, ಸ್ವಲ್ಪ ತಡವಾಗಿ. ಚಹಾ ಬರುವ ಮುಂಚೆಯೇ ಹೊರಟುಹೋದ. ಮುಂದಿನ ಶನಿವಾರ ಅವನು ಬರುತ್ತಾನೋ ಇಲ್ಲವೋ ನೋಡಬೇಕು.